ಮುಚ್ಚಿದ ರಂಗವು ತೆರೆಯುವಾಗ

ದೀಪಾವಳಿ ಕಳೆದು ತೋಟಗಳಲ್ಲಿ ಅಡಿಕೆಯ ಕೊಯ್ಲಿನ ಮಾತು ಮೊದಲಾಗುವ ಹೊತ್ತಿಗೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಇನ್ನೊಂದು ಮಾತೂ ಮನೆಯಿಂದ ಮನೆಗೆ ಸಂಚರಿಸತೊಡಗುವದು. ಈ ವರ್ಷ ಯಾವ ಮೇಳ ಹೊರಟಿತು, ಭಾಗವತಿಕೆ ಯಾರದು, ನಮ್ಮ ಕಡೆಗೆ ಆಟ ಎಂದು ಎಂಬ ಪ್ರಶ್ನೆಗಳನ್ನು ಕೇಳದ ಜಗಲಿಯು ಈ ಮೂರು ತಾಲೂಕುಗಳಲ್ಲಿ ವಿರಳ. ಆದರೆ ಹೀಗೆ ಕೇಳುವದಕ್ಕೂ ಆಸ್ಪದವಿಲ್ಲದಂತಹ ಎರಡು ವರ್ಷಗಳನ್ನು ನಾವೆಲ್ಲರೂ ಕಂಡಿರುವೆವು. ಆ ಕಷ್ಟವು ಕಳೆದು ರಂಗಗಳು ತೆರೆದವು, ದೀಪಗಳು ಹತ್ತಿದವು. ಕಷ್ಟ ಕಳೆದ ಮೇಲೆ ಅದನ್ನು ಮರೆಯುವದು ಮನುಷ್ಯಸ್ವಭಾವ. ಆದರೂ ಮುಚ್ಚಿದ ರಂಗವು ತೆರೆಯುವದೆಂದರೆ ಏನೇನು ತೆರೆಯಬೇಕಾಗುವದು, ಆ ಭಾರವು ಯಾರಾರ ಹೆಗಲಿಗೆ ಬೀಳುವದು ಎಂಬದನ್ನು ಮರೆವಿಗಿಂತ ಮುಂಚೆ ವಿಚಾರಿಸಿಕೊಳ್ಳುವದು ಹಿತವೆಂದು ತೋರಿ, ಈ ತಿಂಗಳ ನಮ್ಮ ನಾಲ್ಕು ಮಾತುಗಳನ್ನು ಅದಕ್ಕಾಗಿಯೇ ಮೀಸಲಿಟ್ಟಿರುವೆವು.

ರಂಗವು ಮುಚ್ಚುವದು ನಮ್ಮ ಸೀಮೆಗೆ ಹೊಸದಲ್ಲ. ಮಳೆಗಾಲದಲ್ಲಿ ಬಯಲಾಟಕ್ಕೆ ಬಯಲೇ ಇಲ್ಲ. ಮುಂಗಾರಿನ ಮೋಡವು ಘಟ್ಟಕ್ಕೆ ತಾಗುವದರೊಳಗಾಗಿ ಮೇಳಗಳು ಕೊನೆಯ ಆಟವನ್ನಾಡಿ, ಮಂಗಳ ಹಾಡಿ, ಗೆಜ್ಜೆ ಬಿಚ್ಚುವವು. ಕಿರೀಟ, ಭುಜಕೀರ್ತಿ, ಎದೆಪದಕಗಳು ಪೆಟ್ಟಿಗೆಯನ್ನು ಸೇರುವವು. ಚಂಡೆ ಮದ್ದಲೆಗಳ ಮುಚ್ಚಿಗೆಯು ತೇವದಿಂದ ಸಡಿಲಾಗದಂತೆ ಅವುಗಳನ್ನು ಬೆಚ್ಚಗಿನ ಸ್ಥಳದಲ್ಲಿ ತೂಗಹಾಕುವರು. ಆದರೆ ಈ ಮುಚ್ಚುವಿಕೆಗೆ ಒಂದು ಅವಧಿಯುಂಟು. ದೀಪಾವಳಿಯ ಹಿಂದುಮುಂದಿನ ಯಾವದೋ ಒಂದು ದಿನ ಚೌಕಿಯಲ್ಲಿ ಗಣಪತಿಯ ಪೂಜೆಯಾಗಿ ಪುನಃ ಗೆಜ್ಜೆ ಕಟ್ಟುವದೆಂಬದು ಎಲ್ಲರಿಗೂ ಗೊತ್ತು. ಅದೂ ಅಲ್ಲದೆ, ಬಯಲಿನ ರಂಗವು ಮಲಗಿದಾಗ ಮನೆಯ ರಂಗವು ಏಳುವದು. ಆಷಾಢ ಶ್ರಾವಣಗಳ ಮಳೆಯ ರಾತ್ರಿಗಳಲ್ಲಿ ಜಗಲಿಯ ಮೇಲೆ ಕಂಬಳಿ ಹಾಸಿ, ವೇಷವಿಲ್ಲದೆ ಕುಣಿತವಿಲ್ಲದೆ, ಭಾಗವತರ ಪದಕ್ಕೆ ಅರ್ಥಧಾರಿಗಳು ಮಾತು ಹೊಸೆಯುವ ತಾಳಮದ್ದಲೆಯು ನಮ್ಮ ಹಿರಿಯರು ಕಂಡುಕೊಂಡ ಉಪಾಯ. ಹೀಗೆ ಪ್ರತಿವರ್ಷದ ಮುಚ್ಚುವಿಕೆಯು ರಂಗಕ್ಕೆ ನಿದ್ರೆಯಿದ್ದಂತೆ. ನಿದ್ರಿಸಿದವನು ಎದ್ದಾಗ ಬಲ ಹೆಚ್ಚಿರುವದು. ಮೂರ್ಛೆಯ ಸಂಗತಿ ಬೇರೆ. ಅಲ್ಲಿ ಏಳುವ ಹೊತ್ತು ಯಾರಿಗೂ ತಿಳಿಯದು. ಎದ್ದ ಮೇಲೆ ಯಾವ ಅಂಗದಲ್ಲಿ ಶಕ್ತಿ ಉಳಿದಿರುವದೆಂಬದೂ ತಿಳಿಯದು.

ಈ ಮೂರ್ಛೆಯ ಲಕ್ಷಣವನ್ನು ಬಲ್ಲವರಾದ ನಮ್ಮ ಪೂರ್ವಿಕರು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಒಂದು ಕಥೆಯನ್ನು ಇಟ್ಟಿರುವರು. ಇಂದ್ರಧ್ವಜದ ಉತ್ಸವದಲ್ಲಿ ಭರತಮುನಿಯು ತನ್ನ ಪುತ್ರರಿಂದ ಮೊಟ್ಟಮೊದಲಿನ ನಾಟ್ಯಪ್ರಯೋಗವನ್ನು ಮಾಡಿಸುತ್ತಿದ್ದನಂತೆ. ದೈತ್ಯರ ಪರಾಭವವೇ ಅದರ ವಸ್ತು. ಅದನ್ನು ಸಹಿಸಲಾರದೆ ದೈತ್ಯರು ವಿಘ್ನಗಳನ್ನು ಕರೆದುಕೊಂಡು ಬಂದು ಮಾಯೆಯಿಂದ ಪ್ರಯೋಗವನ್ನು ನಿಲ್ಲಿಸಿಬಿಟ್ಟರು. ಇಲ್ಲಿ ವಾಚಕರು ಗಮನಿಸತಕ್ಕದ್ದೊಂದುಂಟು. ಆ ವಿಘ್ನಗಳು ರಂಗವನ್ನು ಸುಡಲಿಲ್ಲ, ವೇಷಗಳನ್ನು ಹರಿಯಲಿಲ್ಲ. ಅವು ಸ್ತಂಭನಗೊಳಿಸಿದ್ದು ನಟರ ಮಾತನ್ನು, ಚೇಷ್ಟೆಯನ್ನು ಮತ್ತು ಸ್ಮೃತಿಯನ್ನು. ಈ ಮೂರು ನಿಂತರೆ ರಂಗವು ನಿಂತಂತೆಯೇ ಎಂದು ಶಾಸ್ತ್ರಕಾರನಿಗೆ ಗೊತ್ತಿತ್ತು. ಇಂದ್ರನು ಧ್ವಜದಂಡವನ್ನೇ ಎತ್ತಿಕೊಂಡು ವಿಘ್ನಗಳನ್ನು ಜರ್ಜರಿತಗೊಳಿಸಿದನು. ಆದರೆ ಪೆಟ್ಟಿನಿಂದ ಕೆಲಸವು ಪೂರ್ತಿಯಾಗಲಿಲ್ಲ. ಬಳಿಕ ಬ್ರಹ್ಮನ ಅಪ್ಪಣೆಯ ಮೇರೆಗೆ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯು ಕಾವಲು ನಿಂತನು. ಕೊನೆಗೆ ಬ್ರಹ್ಮನೇ ದೈತ್ಯರೊಡನೆ ಸಾಮದಿಂದ ಮಾತನಾಡಿ, ನಾಟ್ಯವು ಯಾರೊಬ್ಬರ ಪಕ್ಷದ್ದೂ ಅಲ್ಲ, ಮೂರು ಲೋಕದ ಭಾವವೂ ಇದರಲ್ಲಿರುವದು ಎಂದು ಒಪ್ಪಿಸಿದನು. ನಿಂತುಹೋದ ರಂಗವು ಮರಳಿ ನಡೆಯಲು ಮನೆಯೂ ಬೇಕು, ಕಾವಲೂ ಬೇಕು, ನೋಡುವವರ ಒಪ್ಪಿಗೆಯೂ ಬೇಕು ಎಂಬದು ಈ ಕಥೆಯ ತಾತ್ಪರ್ಯ.

ಅನ್ಯದೇಶದ ಇತಿಹಾಸದಲ್ಲಿಯೂ ಇದಕ್ಕೊಂದು ನಿದರ್ಶನವುಂಟು. ಇಂಗ್ಲಂಡದಲ್ಲಿ 1642ನೆಯ ಇಸವಿಯಲ್ಲಿ ಪಾರ್ಲಿಮೆಂಟಿನವರು ನಾಟಕಶಾಲೆಗಳನ್ನು ಮುಚ್ಚಿಸಿದರು. ಅವು ವಿಧಿವತ್ತಾಗಿ ತೆರೆದದ್ದು 1660ರಲ್ಲಿ. ಷೇಕ್ಸ್‌ಪಿಯರನ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಎಳೆಯ ಹುಡುಗರೇ ಹಿರಿಯ ನಟರ ಕೈಕೆಳಗೆ ಕಲಿತು ವಹಿಸುತ್ತಿದ್ದರು. ಹದಿನೆಂಟು ವರ್ಷಗಳ ತರುವಾಯ ಬಾಗಿಲು ತೆರೆದಾಗ ಗ್ರಂಥಗಳು ಇದ್ದವು, ರಾಜನ ಆಶ್ರಯವಿದ್ದಿತು. ಆದರೆ ಹುಡುಗರನ್ನು ಹಾಗೆ ತಿದ್ದಿ ತಯಾರಿಸುವ ಸರಪಳಿಯು ಕಡಿದುಹೋಗಿದ್ದಿತು. ಹೆಂಗಸರು ರಂಗಕ್ಕೆ ಬಂದರು. ಅದರಿಂದ ಒಳ್ಳೆಯದೇ ಆಯಿತೆನ್ನೋಣ. ಆದರೂ ಒಂದು ಮಾತು ಸ್ಪಷ್ಟ. ಪುಸ್ತಕದಲ್ಲಿದ್ದದ್ದು ಹದಿನೆಂಟು ವರ್ಷ ಕಾದುಕೊಂಡಿದ್ದಿತು; ದೇಹದಿಂದ ದೇಹಕ್ಕೆ, ಕಂಠದಿಂದ ಕಂಠಕ್ಕೆ ದಾಟಬೇಕಾದದ್ದು ಕಾಯಲಿಲ್ಲ.

ಇನ್ನು ನಮ್ಮ ಮನೆಯ ಅಂಗಳಕ್ಕೆ ಬರೋಣ. ಘಟ್ಟ ಇಳಿದು ಶರಾವತಿಯನ್ನು ದಾಟಿದರೆ ಹೊನ್ನಾವರ ತಾಲೂಕಿನ ಗುಣವಂತೆಯು ಸಿಕ್ಕುವದು. ಅಲ್ಲಿಯ ಕೆರೆಮನೆಯ ಹೆಗಡೆಯವರ ಮನೆತನವು ನಡೆಸಿಕೊಂಡು ಬಂದಿರುವ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ಹೆಸರನ್ನು ಕೇಳದ ವಾಚಕರು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು ಇದನ್ನು ಸ್ಥಾಪಿಸಿದ್ದು 1934ರಲ್ಲಿ. ಆ ದಿನಗಳು ಸುಭಿಕ್ಷದ ದಿನಗಳಾಗಿದ್ದಿಲ್ಲ. ಕರನಿರಾಕರಣದ ಚಳುವಳಿಯಲ್ಲಿ ಸಿದ್ದಾಪುರ ಅಂಕೋಲೆಗಳ ಎಷ್ಟೋ ಕುಟುಂಬಗಳು ಭೂಮಿಕಾಣಿಯನ್ನು ಕಳಕೊಂಡು ಕುಳಿತಿದ್ದ ಕಾಲವದು. ಅಂತಹ ಕಾಲದಲ್ಲಿ ಮೇಳ ಕಟ್ಟಿದವರನ್ನು ಅವಿವೇಕಿಗಳೆಂದು ಅಂದವರೂ ಇದ್ದಾರು. ಆದರೆ ಆ ಸಾಹಸದ ಫಲವನ್ನು ನಾಲ್ಕು ತಲೆಮಾರಿನ ಪ್ರೇಕ್ಷಕರು ಉಂಡಿರುವರು.

ಈ ಮೇಳವು ಅಖಂಡವಾಗಿ ನಡೆದುಬಂದಿತೆಂದಲ್ಲ. ನಡುವೆ ಅದರ ತಿರುಗಾಟವು ನಿಂತಿದ್ದಿತು. ಶಿವರಾಮ ಹೆಗಡೆಯವರ ಪುತ್ರರಾದ ಶಂಭು ಹೆಗಡೆಯವರು ದಿಲ್ಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಾಸಮಾಡಿ ಊರಿಗೆ ಮರಳಿದ ಮೇಲೆ 1973ರಲ್ಲಿ ಅದನ್ನು ಪುನಃ ಕಟ್ಟಿದರು. ಮೇಳವನ್ನು ಕಟ್ಟುವದೆಂದರೆ ಕೇವಲ ವೇಷದ ಪೆಟ್ಟಿಗೆಯ ಬೀಗ ತೆಗೆಯುವದಲ್ಲ. ಭಾಗವತರು, ಮದ್ದಲೆಯವರು, ಚಂಡೆಯವರು ಕೂಡಿ ಹಿಮ್ಮೇಳವಾಗಬೇಕು. ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯಗಳಿಗೆ ತಕ್ಕವರು ಸಿಕ್ಕಬೇಕು. ಸಾಮಾನು ಸಾಗಿಸುವವರು, ರಂಗ ಕಟ್ಟುವವರು, ಅಡಿಗೆಯವರು ಇವರೆಲ್ಲರಿಗೂ ಆಟವಿದ್ದ ದಿನವೂ ಇಲ್ಲದ ದಿನವೂ ಊಟ ಸಂಬಳಗಳು ನಡೆಯಬೇಕು. ಇವರಲ್ಲಿ ಮನೆಯವರಿಗಿಂತ ಹೊರಗಿನವರೇ ಹೆಚ್ಚು. ನಮ್ಮ ಶಿರಸಿ ಸೀಮೆಯ ನೆಬ್ಬೂರಿನ ನಾರಾಯಣ ಭಾಗವತರು ದಶಕಗಳ ಕಾಲ ಈ ಮೇಳದ ಕಂಠವಾಗಿದ್ದರು. ಅವರು 2019ರಲ್ಲಿ ದಿವಂಗತರಾದಾಗ ಘಟ್ಟದ ಮೇಲೆಯೂ ಕೆಳಗೆಯೂ ಸಮಾನವಾಗಿ ದುಃಖವಾಯಿತು. ಆದುದರಿಂದ ಕುಟುಂಬದ ಮೇಳವೆಂದರೆ ರಕ್ತಸಂಬಂಧಿಗಳ ಮೇಳವೆಂದು ಯಾರೂ ತಿಳಿಯಬಾರದು. ಹೊಣೆಯು ಒಂದು ಕುಟುಂಬದ್ದು. ಕಲೆಯು ಆ ಹೊಣೆಯ ನೆರಳಿನಲ್ಲಿ ನಿಂತ ಎಲ್ಲರದು.

ಶಂಭು ಹೆಗಡೆಯವರು ಇಷ್ಟಕ್ಕೇ ನಿಲ್ಲಲಿಲ್ಲ. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದು ಹುಡುಗರನ್ನು ಕೂಡಿಸಿ ಹೆಜ್ಜೆ, ತಾಳ, ಮಾತುಗಾರಿಕೆಗಳನ್ನು ಕಲಿಸುವ ಏರ್ಪಾಡು ಮಾಡಿದರು. ಶಾಸ್ತ್ರದ ಭಾಷೆಯಲ್ಲಿ ಹೇಳುವದಾದರೆ ಇದು ಸ್ಮೃತಿಗೆ ಕಟ್ಟಿದ ಮನೆ. 2009ರ ಫೆಬ್ರುವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ಲವಕುಶ ಪ್ರಸಂಗದ ರಾಮನ ವೇಷ ಕಟ್ಟಿದ್ದಾಗಲೇ ಅವರು ಅಸ್ವಸ್ಥರಾಗಿ ತೀರಿಕೊಂಡರು. ಇಂತಹ ಪೆಟ್ಟು ಬಿದ್ದರೆ ಒಬ್ಬ ಯಜಮಾನನನ್ನೇ ನಂಬಿದ ಸಂಸ್ಥೆಯು ಬಾಗಿಲು ಹಾಕುವದು ಲೋಕರೂಢಿ. ಆದರೆ ಇಲ್ಲಿ ಹಾಗಾಗಲಿಲ್ಲ. ಮಗ ಶಿವಾನಂದ ಹೆಗಡೆಯವರು ಮೇಳವನ್ನು ಮುಂದುವರಿಸಿದರು. ತಂದೆಯ ಹೆಸರಿನ ರಾಷ್ಟ್ರೀಯ ನಾಟ್ಯೋತ್ಸವವು ಗುಣವಂತೆಯ ಯಕ್ಷಾಂಗಣದಲ್ಲಿ ನಡೆಯತೊಡಗಿ, ದೂರದೇಶದ ನೃತ್ಯಗಾನಗಳು ನಮ್ಮ ಕರಾವಳಿಯ ಒಂದು ಹಳ್ಳಿಗೆ ಬಂದವು. ಇದೀಗ ನಾಲ್ಕನೆಯ ತಲೆಮಾರು ಸಹ ಗೆಜ್ಜೆ ಕಟ್ಟಿರುವದು.

ಯಜಮಾನನ ಮರಣದಿಂದಲೂ ಮುಚ್ಚದ ರಂಗವನ್ನು 2020ನೆಯ ಇಸವಿಯು ಮುಚ್ಚಿಸಿತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಶ್ರೀ ಮಾರಿಕಾಂಬಾದೇವಿಯ ಜಾತ್ರೆಯು ಆ ವರ್ಷದ ಮಾರ್ಚ ತಿಂಗಳ ಮೊದಲಲ್ಲಿ ಜರುಗಿದ್ದಿತು. ಬಿಡಕಿ ಬಯಲಿನ ಗದ್ದಲವು ಇನ್ನೂ ಕಿವಿಯಲ್ಲಿರುವಾಗಲೇ, ಮಾರ್ಚ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಕರೋನಾ ಎಂಬ ಆ ಸಾಂಕ್ರಾಮಿಕ ರೋಗವು ಹರಡುವದು ಜನರ ಉಸಿರಿನಿಂದ, ಜನರ ಸಮೂಹದಿಂದ. ರಂಗವೆಂದರೆ ಉಸಿರು ಮತ್ತು ಸಮೂಹವಲ್ಲದೆ ಮತ್ತೇನು? ಆದುದರಿಂದ ಮೊದಲು ಮುಚ್ಚಿದವುಗಳಲ್ಲಿ ರಂಗವೂ ಒಂದು. ಕೊನೆಗೆ ತೆರೆದವುಗಳಲ್ಲಿಯೂ ಒಂದು. ತಿರುಗಾಟದ ಸುಗ್ಗಿಯೆಂದರೆ ಚೈತ್ರ ವೈಶಾಖಗಳೇ. ಆ ಸುಗ್ಗಿಯು ಹೋಯಿತು. ವರ್ಷದ ಕೊನೆಗೆ ಅಲ್ಲಲ್ಲಿ ಗೆಜ್ಜೆಯ ಸದ್ದು ಕೇಳಿತು. ಅಷ್ಟರಲ್ಲಿ 2021ರ ಏಪ್ರಿಲದಲ್ಲಿ ಪುನಃ ಬಾಗಿಲು. ಮತ್ತೆ ತೆರೆದವು ಎನ್ನುವಾಗ ಅದೇ ವರ್ಷದ ಡಿಸೆಂಬರ 28ರಿಂದ ರಾತ್ರಿ ಹತ್ತು ಗಂಟೆಯ ಮೇಲೆ ಹೊರಗೆ ತಿರುಗಬಾರದೆಂಬ ನಿರ್ಬಂಧ. ರಾತ್ರಿಯ ಕಲೆಗೆ ರಾತ್ರಿಯನ್ನೇ ನಿಷೇಧಿಸಿದಂತಾಯಿತು. ಸರಕಾರದ ನಿರ್ಬಂಧಗಳು ಅನಾವಶ್ಯಕವಾಗಿದ್ದವೆಂದು ನಾವು ಹೇಳುವದಿಲ್ಲ. ಪ್ರಾಣಕ್ಕಿಂತ ಆಟವು ದೊಡ್ಡದಲ್ಲ. ಆದರೆ ಅದರ ಬೆಲೆಯನ್ನು ಯಾರು ತೆತ್ತರೆಂಬದನ್ನು ಮಾತ್ರ ಮರೆಯಬಾರದು. ಸರಕಾರಿ ನೌಕರನಿಗೆ ತಿಂಗಳು ತಿರುಗಿದಾಗ ಸಂಬಳ ಬಂದಿತು. ನಮ್ಮಂತಹ ನಿವೃತ್ತರಿಗೆ ಪೆನ್ಶನ್ನೂ ಬಂದಿತು. ರಾತ್ರಿಗಿಷ್ಟೆಂದು ಎಣಿಸಿಕೊಳ್ಳುವ ಕಲಾವಿದನಿಗೆ ರಾತ್ರಿಗಳೇ ಇಲ್ಲವಾದವು. ಎಷ್ಟೋ ಜನರು ಕೂಲಿಗೂ ಚಿಕ್ಕಪುಟ್ಟ ವ್ಯಾಪಾರಕ್ಕೂ ಇಳಿದರು.

ಆ ಕಾಲದಲ್ಲಿ ಕೆಲವರು ಮೊಬೈಲಿನ ಮೂಲಕ ಆಟಗಳನ್ನೂ ತಾಳಮದ್ದಲೆಗಳನ್ನೂ ತೋರಿಸಿದರು. ಅದು ಸ್ತುತ್ಯವೇ. ಪರದೇಶದಲ್ಲಿರುವ ಮಕ್ಕಳು ಸಹ ಕುಳಿತಲ್ಲಿಯೇ ಭಾಗವತಿಕೆಯನ್ನು ಕೇಳಿದರು. ಆದರೆ ವಾಚಕರೇ, ಯಕ್ಷಗಾನದಲ್ಲಿ ಹಿಮ್ಮೇಳದವರು ರಂಗದ ಹಿಂದೆ, ಸಭೆಗೆ ಎದುರಾಗಿ ಕುಳಿತುಕೊಳ್ಳುವದು ವ್ಯರ್ಥವಲ್ಲ. ಭಾಗವತನು ವೇಷಧಾರಿಯ ಹೆಜ್ಜೆಯನ್ನೂ ನೋಡುವನು, ಸಭೆಯ ಮುಖವನ್ನೂ ನೋಡುವನು. ಸಭೆಯು ಒಂದು ಪದದಲ್ಲಿ ಮುಳುಗಿತೆಂದು ಕಂಡರೆ ಅದನ್ನು ಇನ್ನೊಂದಾವರ್ತ ಎತ್ತುವನು. ಬೇಸರವೆಂದು ಕಂಡರೆ ಮುಂದಿನ ಪದಕ್ಕೆ ಜಾರುವನು. ಅದನ್ನು ಅರಿತು ಮದ್ದಲೆಯ ಬೆರಳು ಓಡುವದು. ಮದ್ದಲೆಯನ್ನು ಅರಿತು ಕುಣಿಯುವವನ ಕಾಲು ಓಡುವದು. ಈ ವ್ಯವಹಾರದಲ್ಲಿ ಪ್ರೇಕ್ಷಕನೂ ಒಬ್ಬ ಪಾಲುಗಾರ. ಯಂತ್ರದ ಎದುರಿಗೆ ಹಾಡಿದಾಗ ಸ್ಮೃತಿಯು ಉಳಿದೀತು, ಮಾತೂ ಉಳಿದೀತು. ಸಭೆಯಿಂದ ರಂಗಕ್ಕೆ ಹರಿಯುವ ಆ ಉತ್ತರವು ಮಾತ್ರ ಬರಲಾರದು. ಅಡಿಗೆಯ ಚಿತ್ರ ನೋಡಿ ಹೊಟ್ಟೆ ತುಂಬಿಸಿಕೊಳ್ಳುವದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಹೀಗಿರಲಾಗಿ ರಂಗವು ತೆರೆದ ಮೇಲೆ ಕಂಡುಬಂದದ್ದೇನು? ಪೆಟ್ಟಿಗೆಯೊಳಗಿನ ರೇಷ್ಮೆಗೆ ಬೂಷ್ಟು ಹಿಡಿದರೆ ಬಿಸಿಲಿಗೆ ಹಾಕಬಹುದು. ಕಿರೀಟದ ಬೇಗಡೆ ಕಿತ್ತಿದ್ದರೆ ಹೊಸದನ್ನು ಅಂಟಿಸಬಹುದು. ಮುಚ್ಚಿಗೆಯು ಹರಿದಿದ್ದರೆ ಹೊಸ ಚರ್ಮ ಬಿಗಿಯಬಹುದು. ಇವಕ್ಕೆಲ್ಲ ಹಣ ಸಾಕು. ಆದರೆ ಎರಡು ವರ್ಷ ರಾತ್ರಿಯಿಡೀ ಹಾಡದ ಕಂಠವು ಏರುಶ್ರುತಿಯನ್ನು ಮರಳಿ ಹಿಡಿಯಲು ತಿಂಗಳುಗಳು ಬೇಕು. ಹದಿನಾರು ವರ್ಷದ ಹುಡುಗನು ಗೆಜ್ಜೆ ಬಿಟ್ಟು ಹದಿನೆಂಟಕ್ಕೆ ಬೆಂಗಳೂರಿನ ಬಸ್ಸು ಹತ್ತಿದರೆ ಅವನು ಮರಳುವದೇ ಸಂಶಯ. ಮತ್ತು ಎಲ್ಲಕ್ಕೂ ಮಿಗಿಲಾಗಿ, ಪ್ರೇಕ್ಷಕನ ಅಭ್ಯಾಸವು ತಪ್ಪುವದು. ಆಟವಿದೆಯೆಂದು ಗೊತ್ತಾದರೆ ಉಂಡು, ಬ್ಯಾಟರಿ ಹಿಡಿದು, ಮಕ್ಕಳನ್ನು ಕರೆದುಕೊಂಡು ಗದ್ದೆಬಯಲಿಗೆ ನಡೆಯುತ್ತಿದ್ದ ಕಾಲುಗಳು ಮನೆಯಲ್ಲಿಯೇ ಕುಳಿತುಕೊಳ್ಳಲು ಕಲಿತುಬಿಟ್ಟವು. ನಟನ ಚೇಷ್ಟೆ ಮಾತ್ರವೇ ಸ್ತಂಭಿಸಿತೆಂದು ತಿಳಿಯಬೇಡಿ. ನಮ್ಮ ಚೇಷ್ಟೆಯೂ ಸ್ತಂಭಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವವರುಂಟು. "ಅದು ಅವರ ಮನೆತನದ ಉದ್ಯೋಗ. ಲಾಭವಾದರೆ ಅವರಿಗೆ, ನಷ್ಟವಾದರೂ ಅವರಿಗೆ. ನಾವೇಕೆ ಚಿಂತಿಸಬೇಕು?" ಎಂದು. ಮೇಲ್ನೋಟಕ್ಕೆ ಈ ಮಾತು ನ್ಯಾಯವಾಗಿ ಕಾಣುವದು. ಆದರೆ ಲಾಭನಷ್ಟಗಳ ಲೆಕ್ಕವನ್ನೇ ಹಿಡಿಯುವ ಕಂಪನಿಯು ನಷ್ಟ ಬಂದ ವರ್ಷವೇ ಸಾಮಾನು ಮಾರಿ ಬೇರೆ ವ್ಯಾಪಾರಕ್ಕೆ ಕೈಹಾಕುವದು. ಮನೆತನಕ್ಕೆ ಹಾಗೆ ಮಾಡಲು ಬರುವದಿಲ್ಲ. ಅಜ್ಜನು ಕಟ್ಟಿದ ಕಿರೀಟವನ್ನು ಅಟ್ಟದ ಮೇಲಿಟ್ಟು, ತೊಟ್ಟಿಲಿನ ಕೂಸಿಗೆ ತಾಳವನ್ನು ಕೇಳಿಸಿ, ಸಾಲವನ್ನೂ ಮರ್ಯಾದೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಅದು ಕಾಯುವದು. ಯಕ್ಷಗಾನವು ಇಷ್ಟು ಶತಮಾನ ಬಾಳಿದ್ದಕ್ಕೆ ಇಂತಹ ಮನೆತನಗಳ ಹಟವೂ ಒಂದು ಮುಖ್ಯ ಕಾರಣ. ಹಾಗೆ ಕಾದದ್ದರಿಂದ ಬಂದ ಸುಖವನ್ನು ಊರೆಲ್ಲ ಹಂಚಿಕೊಂಡು, ಕಾಯುವ ಕಷ್ಟವನ್ನು ಮಾತ್ರ ಆ ಒಂದು ಮನೆಗೆ ಬಿಡುವದು ನ್ಯಾಯವಲ್ಲ. ಮುಚ್ಚಿದ ಬಾಗಿಲನ್ನು ತೆರೆಯುವದು ಮನೆತನದ ಕೆಲಸ. ತೆರೆದ ಬಾಗಿಲು ಪುನಃ ಮುಚ್ಚದಂತೆ ನೋಡಿಕೊಳ್ಳುವದು ಊರಿನ ಕೆಲಸ.

ಹಾಗಾದರೆ ಗೃಹಸ್ಥರಾದವರು ಮಾಡತಕ್ಕದ್ದೇನು? ದೊಡ್ಡ ದೇಣಿಗೆಯ ಮಾತನ್ನು ನಾವು ಆಡುವದಿಲ್ಲ. ಹತ್ತಿರದಲ್ಲಿ ಆಟವಿದ್ದಾಗ ಹೋಗಿ ಕುಳಿತುಕೊಳ್ಳುವದೇ ಮೊದಲನೆಯ ಧರ್ಮ. ಹೆಸರಾಂತ ವೇಷವಿದ್ದರೆ ಮಾತ್ರ ಹೋಗುವೆನೆನ್ನಬಾರದು. ಇಂದಿನ ಬಾಲಗೋಪಾಲರ ಕುಣಿತಕ್ಕೆ ಜನವಿದ್ದರೇನೇ ನಾಳಿನ ಹೆಸರಾಂತನು ಹುಟ್ಟಿಯಾನು. ಟಿಕೇಟಿನ ಆಟವಾದರೆ ಟಿಕೇಟು ಕೊಂಡೇ ಹೋಗಬೇಕು. ಪರಿಚಯದ ಬಲದಿಂದ ಪುಕ್ಕಟೆ ಒಳಗೆ ನುಗ್ಗುವದು ಪ್ರತಿಷ್ಠೆಯಲ್ಲ. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಆಟವನ್ನಾಗಲಿ ತಾಳಮದ್ದಲೆಯನ್ನಾಗಲಿ ಮಾಡಿಸುವವರು ವೀಳ್ಯ ಕೊಡುವಾಗಲೇ ಹಣದ ಒಂದು ಭಾಗವನ್ನೂ ಕೊಡಲಿ. ಅಡಿಗೆಯವರಿಗೆ ಮುಂಗಡ ಕೊಡುವ ನಾವು ಭಾಗವತರೊಡನೆ ಮಾತ್ರ ಕೊನೆಯಲ್ಲಿ ಚೌಕಾಶಿ ಮಾಡುವದು ನಾಚಿಕೆಗೇಡು. ಊಟದ ವಿಷಯವನ್ನು ನಮ್ಮ ಸೋದರಿಯರಿಗೆ ಹೇಳಬೇಕಾದದ್ದಿಲ್ಲ. ಹಾಡಿ ಕುಣಿದು ಬೆಳಗಿನ ಜಾವಕ್ಕೆ ಬಣ್ಣ ತೆಗೆದವನಿಗೆ ಬಿಸಿ ಅನ್ನ ಬಡಿಸುವ ಧರ್ಮವನ್ನು ಹವ್ಯಕರ ಮನೆಗಳೂ ನಾಡವರ ಮನೆಗಳೂ ಬಹುಕಾಲದಿಂದ ಬಲ್ಲವು.

ಇನ್ನೊಂದು ಮಾತು ಮಕ್ಕಳ ವಿಷಯದ್ದು. ಪರೀಕ್ಷೆಯ ಅಂಕಗಳ ಚಿಂತೆಯು ಇಂದಿನ ತಾಯಿತಂದೆಗಳಿಗೆ ಅತಿಯಾಗಿರುವದು. ಶಾಲೆಯ ಕೆಲಸದಲ್ಲಿಯೇ ತಲೆ ನರೆತ ನಾವು ಅದನ್ನು ಹಗುರಾಗಿ ಕಾಣುವದಿಲ್ಲ. ಆದರೆ ವಾರಕ್ಕೆ ಎರಡು ಸಂಜೆ ಮದ್ದಲೆಯ ನುಡಿಸಾಣಿಕೆಯನ್ನೋ ಹೆಜ್ಜೆಯನ್ನೋ ಕಲಿತ ಹುಡುಗನು ಗಣಿತದಲ್ಲಿ ಹಿಂದೆ ಬೀಳುವದನ್ನು ನಾವು ಕಂಡಿಲ್ಲ. ಏಳು, ಎಂಟು, ಹದಿನಾಲ್ಕು ಅಕ್ಷರಗಳ ತಾಳಗಳನ್ನು ಬೆರಳಿನಲ್ಲಿ ಎಣಿಸುವವನಿಗೆ ಲೆಕ್ಕವು ಹೆದರಿಕೆಯ ವಸ್ತುವಾಗುವದಿಲ್ಲ. ಹೆಣ್ಣುಮಕ್ಕಳೂ ಈಗ ಧೈರ್ಯವಾಗಿ ವೇಷ ಕಟ್ಟುತ್ತಿರುವರು, ಭಾಗವತಿಕೆ ಮಾಡುತ್ತಿರುವರು. ಇದು ಸಂತೋಷದ ಸಂಗತಿ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಕಣ್ಣಿಲ್ಲದವರಿಗೂ ಯಕ್ಷಗಾನವನ್ನು ಕಲಿಸಿ ರಂಗಕ್ಕೆ ತಂದವರು. 2020ರ ಜನವರಿಯಲ್ಲಿ, ರಂಗಗಳು ಮುಚ್ಚುವ ಸ್ವಲ್ಪವೇ ಮುಂಚೆ, ಅವರು ಕಾಲವಶರಾದರು. ಕಣ್ಣಿಲ್ಲದವರು ಕಲಿತ ವಿದ್ಯೆಯನ್ನು ಕಣ್ಣುಳ್ಳ ನಮ್ಮ ಮಕ್ಕಳು ಪರದೆಯ ಮೇಲೆ ನೋಡಿಯೇ ತೃಪ್ತರಾಗಬೇಕೇ?

ಆಟದ ಅವಧಿಯು ಮೊದಲಿನಂತೆ ಬೆಳತನಕ ಇರಬೇಕೇ ಅಥವಾ ಮೂರು ತಾಸಿಗೆ ಮುಗಿಯಬೇಕೇ ಎಂಬ ಚರ್ಚೆಯು ಈಗ ಜೋರಾಗಿರುವದು. ಇಡೀ ರಾತ್ರಿಯ ಆಟದ ಸವಿಯನ್ನು ಬಲ್ಲ ನಮಗೆ ಅದರ ಮೇಲೆ ಪಕ್ಷಪಾತವಿರುವದು ಸಹಜ. ಆದರೂ ಹೊತ್ತು ಚಿಕ್ಕದಾದರೆ ರಂಗವು ಕೆಟ್ಟಿತೆಂದು ಕೂಗುವವರೊಡನೆ ನಾವು ಸೇರುವದಿಲ್ಲ. ಸಭೆ ತುಂಬಿದ ಮೂರು ತಾಸು, ಖಾಲಿ ಚಾಪೆಗಳ ಎದುರಿನ ಹನ್ನೆರಡು ತಾಸಿಗಿಂತ ಲೇಸು.

ನಾಟ್ಯಶಾಸ್ತ್ರದ ಕಥೆಯಲ್ಲಿ ನಾಟ್ಯಗೃಹದ ಮೂಲೆಮೂಲೆಗೂ ದೇವತೆಗಳು ಕಾವಲಿಗೆ ನಿಂತರೆಂದು ಹೇಳಿದೆವಷ್ಟೆ. ಈ ಕಾಲದಲ್ಲಿ ಆ ಕಾವಲು ಪ್ರೇಕ್ಷಕರ ಮೇಲೆ ಬಂದಿರುವದು. ಚಾಪೆಯ ಮೇಲೆ ಕುಳಿತ ಒಬ್ಬೊಬ್ಬನೂ ಒಂದೊಂದು ಕಂಬದ ಕಾವಲುಗಾರನೆಂದು ತಿಳಿಯೋಣ. ಬರುವ ತಿರುಗಾಟದಲ್ಲಿ ನಿಮ್ಮ ಊರಿನ ಹತ್ತಿರ ಚಂಡೆಯ ಸದ್ದಾದರೆ ಮನೆಮಂದಿಯೆಲ್ಲ ಹೊರಡಿರಿ, ನೆರೆಮನೆಯವರನ್ನೂ ಕರೆಯಿರಿ. ಚಳಿಗೆ ಒಂದು ಕಂಬಳಿಯಿರಲಿ.